ಸರಸ್ವತಿಪುರಂ ನೇಲ್ ಸ್ಟುಡಿಯೋದಲ್ಲಿ ಜೆಲ್ ಉಗುರು: ಎರಡು ಸಲ ಹಾಕಿಸಿ, ಎರಡು ಸಲ ತೆಗೆಸಿದ್ಮೇಲೆ ಬರೀತಿರೋದು

ನವೆಂಬರ್‌ನಿಂದ ಈ ಅಂಗಡಿಗೆ ಹೋಗ್ತಿದೀನಿ, ಬರೆಯೋಕೆ ಇಷ್ಟು ದಿನ ಕಾದಿದ್ದು ಯಾಕಂದ್ರೆ ತೆಗೆಯೋದನ್ನ ನೋಡದೆ ನೇಲ್ ಸ್ಟುಡಿಯೋ ಬಗ್ಗೆ ಏನೂ ಹೇಳಬಾರದು ಅಂತ ನನಗೆ ಅನಿಸಿಬಿಟ್ಟಿದೆ. ಹೋದ ವರ್ಷ ಮೇನಲ್ಲಿ ತಂಗಿ ಮದುವೆಗೆ ಅಂತ ಬೆಂಗಳೂರಲ್ಲಿ ಒಂದು ಪಾರ್ಲರ್‌ನಲ್ಲಿ ಅಕ್ರಿಲಿಕ್ ಎಕ್ಸ್‌ಟೆನ್ಷನ್, ಅಂದ್ರೆ ಉಗುರನ್ನ ಉದ್ದ ಮಾಡೋ ಕೃತಕ ಉಗುರು, ಮಾಡಿಸಿದ್ದೆ. ಬಳೆ ಶಾಸ್ತ್ರದ ಫೋಟೋಗಳಲ್ಲಿ ಕೈ ಎಷ್ಟು ಚೆನ್ನಾಗಿ ಬಂದಿತ್ತು ಅಂದ್ರೆ ಈಗ್ಲೂ ತೆಗೆದು ನೋಡ್ತೀನಿ. ಮೂರು ವಾರ ಆದ್ಮೇಲೆ ತೆಗೆಸೋಕೆ ಹೋದ್ರೆ, ಅದನ್ನ ಮೆತ್ತಗೆ ಮಾಡೋ ಅಸಿಟೋನ್‌ನಲ್ಲಿ ಐದು ನಿಮಿಷನೂ ನೆನೆಸ್ಲಿಲ್ಲ, ಸಂದಿಗೆ ಒಂದು ಪ್ಲಾಸ್ಟಿಕ್ ಟಿಪ್ ತೂರಿಸಿ ಎಬ್ಬಿಸಿ ಕಿತ್ತುಬಿಟ್ರು, ಅದರ ಜೊತೆ ನನ್ನ ಉಗುರಿನ ಮೇಲ್ಪದರಾನೂ ಬಂತು. ಉಗುರು ಕಾಗದದ ಥರ ಬಾಗ್ತಿತ್ತು, ಸಾರಿಗೆ ಹುಣಸೆಹಣ್ಣು ಕಿವುಚೋಕೆ ಆಗ್ತಿರ್ಲಿಲ್ಲ, ಅಷ್ಟು ಉರಿ. ಕೈ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಅಷ್ಟೇ ಬೆಳೆಯೋದು, ಹಾಳಾದ ಭಾಗ ಪೂರ್ತಿ ತುದಿಗೆ ಬಂದು ಕತ್ತರಿಸಿ ಹೋಗೋವರೆಗೂ ಕಾಯೋದು ಬಿಟ್ಟು ಬೇರೆ ಔಷಧಿನೇ ಇಲ್ಲ.

ಅತ್ತಿಗೆ ಹೇಳಿದ್ರು ಅಂತ ಇಲ್ಲಿಗೆ ಬಂದೆ. ಸಣ್ಣ ಅಂಗಡಿ, ಒಬ್ಳೇ ಹುಡುಗಿ, ಮಣಿಪುರದವಳು, ಕನ್ನಡ ಚೆನ್ನಾಗೇ ಕಲ್ತಿದಾಳೆ. ನನ್ನ ಹತ್ತೂ ಬೆರಳು ಲೈಟ್ ಕೆಳಗೆ ಹಿಡಿದು ನೋಡಿ, "ಈ ತಿಂಗಳು ಬೇಡ ಅಕ್ಕ, ಹೆಬ್ಬೆರಳು ಇನ್ನೂ ತೆಳ್ಳಗಿದೆ, ಎಣ್ಣೆ ಹಚ್ತಾ ಇರಿ, ಬೆಳೀಲಿ" ಅಂತ ವಾಪಸ್ ಕಳಿಸಿದ್ಲು. ಒಂದು ರೂಪಾಯಿನೂ ತಗೊಳ್ಲಿಲ್ಲ. ದುಡ್ಡು ಕೊಡೋಕೆ ರೆಡಿ ಇರೋ ಗಿರಾಕಿನ ಹಾಗೆ ಕಳಿಸೋರು ಎಷ್ಟು ಜನ ಇದಾರೆ ಹೇಳಿ, ನನಗೆ ಅವತ್ತೇ ನಂಬಿಕೆ ಬಂತು.

ಡಿಸೆಂಬರ್‌ನಲ್ಲಿ ಹೋದಾಗ ಉದ್ದದ ಟಿಪ್ ಹಾಕ್ಲಿಲ್ಲ, ನನ್ನ ಉಗುರಿನ ಮೇಲೇ ಬಿಲ್ಡರ್ ಜೆಲ್ ಓವರ್‌ಲೇ, ಅಂದ್ರೆ ಉಗುರಿಗೆ ಗಟ್ಟಿತನ ಕೊಡೋ ದಪ್ಪ ಜೆಲ್ ಪದರ, ಮಾಡಿದ್ಲು. ಎರಡೂವರೆ ಗಂಟೆ ಹಿಡೀತು, ಅವಸರ ಇರೋರು ಇಲ್ಲಿಗೆ ಬರಬೇಡಿ. ಉಗುರು ಉಜ್ಜೋ ಫೈಲ್ ಹೊಸದು ನನ್ನೆದುರೇ ಪ್ಯಾಕೆಟ್ ಒಡೆದು ತೆಗೆದ್ಲು. ಜೆಲ್ ಚರ್ಮಕ್ಕೆ ಸ್ವಲ್ಪ ತಾಗಿದ್ರೂ ಅದನ್ನ ಗಟ್ಟಿ ಮಾಡೋ ಲ್ಯಾಂಪ್‌ಗೆ ಇಡೋಕೆ ಮುಂಚೆ ಕಡ್ಡಿಯಿಂದ ಒರೆಸ್ತಾಳೆ, ಇದು ಬರೀ ನೀಟಾಗಿ ಕಾಣ್ಲಿ ಅಂತ ಮಾಡೋದಲ್ಲ. ಗಟ್ಟಿಯಾಗದ ಜೆಲ್‌ನಲ್ಲಿರೋ ಅಕ್ರಿಲೇಟ್‌ಗಳು, ಅದರಲ್ಲೂ ಹೆಮಾ (HEMA) ಅನ್ನೋದು, ಚರ್ಮಕ್ಕೆ ತಾಗಿ ತಾಗಿ ಅಲರ್ಜಿ ಶುರುವಾದ್ರೆ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯತ್ತೆ, ಮುಂದೆ ಹಲ್ಲಿಗೆ ಫಿಲ್ಲಿಂಗ್ ಹಾಕಿಸೋವಾಗ್ಲೂ ತೊಂದ್ರೆ ಕೊಡಬಹುದು, ಯಾಕಂದ್ರೆ ಅದರಲ್ಲೂ ಇದೇ ಜಾತಿ ಕೆಮಿಕಲ್ ಇರತ್ತೆ. ಆನ್‌ಲೈನ್‌ನಲ್ಲಿ ಕಿಟ್ ತರಿಸ್ಕೊಂಡು ಮನೇಲೇ ಮಾಡ್ಕೊಳ್ಳೋರು ದಯವಿಟ್ಟು ಇದನ್ನ ತಲೇಲಿ ಇಟ್ಕೊಳ್ಳಿ, ಒಂದು ಕಂಪನಿ ಜೆಲ್ ಇನ್ನೊಂದು ಕಂಪನಿ ಲ್ಯಾಂಪ್ ಆದ್ರೆ ಮೇಲೆ ಗಟ್ಟಿ ಕಂಡ್ರೂ ಒಳಗೆ ಹಸಿ ಉಳಿಯಬಹುದು. ಇವಳು ಬಳಸೋ ಬಾಟಲಿ ಮೇಲೆ ಹೆಮಾ ಇಲ್ಲ, ಟಿಪಿಒ ಇಲ್ಲ ಅಂತ ಬರ್ದಿದೆ, ಕೇಳಿದ್ರೆ ತೋರಿಸ್ತಾಳೆ. ಟಿಪಿಒ ಅಂದ್ರೆ ಲ್ಯಾಂಪ್ ಬೆಳಕಿಗೆ ಜೆಲ್ ಗಟ್ಟಿಯಾಗೋ ಹಾಗೆ ಮಾಡೋ ಪದಾರ್ಥ, ಯುರೋಪಿಯನ್ ಯೂನಿಯನ್‌ನಲ್ಲಿ 2025ರ ಸೆಪ್ಟೆಂಬರ್ 1ರಿಂದ ಕಾಸ್ಮೆಟಿಕ್ಸ್‌ನಲ್ಲಿ ಬ್ಯಾನ್ ಆಗಿದೆ.

ಲ್ಯಾಂಪ್ ಒಳಗೆ ಕೈ ಇಟ್ಟಾಗ ಹೆಬ್ಬೆರಳು ಚುರ್ ಅಂತು. ದಪ್ಪ ಜೆಲ್ ಗಟ್ಟಿಯಾಗೋವಾಗ ಬಿಸಿ ಹುಟ್ಟತ್ತಂತೆ, ತಡ್ಕೋಬೇಡಿ, ಕೈ ಹೊರಗೆ ತೆಗೆದು ಮತ್ತೆ ಇಡಿ ಅಂದ್ಲು. ಅದು ಯುವಿ ಬೆಳಕು, ಹಾಗಾಗಿ ನಾನು ಮನೆಯಿಂದ ಹೊರಡೋವಾಗ್ಲೇ ಕೈಗೆ ಸನ್‌ಸ್ಕ್ರೀನ್ ಹಚ್ಕೊಂಡು ಹೋಗ್ತೀನಿ, ಬೆರಳ ತುದಿ ಕತ್ತರಿಸಿದ ಗ್ಲೌಸ್ ಅವಳ ಹತ್ರನೂ ಇದೆ.

ಈಗ ತೆಗೆಯೋ ವಿಷಯ. ಮೊದ್ಲು ಮೇಲಿನ ಹೊಳಪಿನ ಪದರ ಫೈಲ್ ಮಾಡಿದ್ಲು, ಆಮೇಲೆ ಅಸಿಟೋನ್‌ನಲ್ಲಿ ಅದ್ದಿದ ಹತ್ತಿ, ಮೇಲೆ ಫಾಯಿಲ್, 15 ನಿಮಿಷ. ಎರಡು ಬೆರಳಲ್ಲಿ ಬಿಡ್ಲಿಲ್ಲ, ಕೆರೀಲಿಲ್ಲ, ಮತ್ತೆ ಸುತ್ತಿ ಐದು ನಿಮಿಷ ಕೂರಿಸಿದ್ಲು. ಮರದ ಕಡ್ಡಿಯಿಂದ ತಳ್ಳಿದ್ರೆ ಬೆಂದ ಆಲೂಗಡ್ಡೆ ಸಿಪ್ಪೆ ಥರ ಬಂತು. ಕೆಳಗೆ ನನ್ನ ಉಗುರು, ಎಲ್ಲೂ ಬಿಳಿ ಮಚ್ಚೆ ಇಲ್ಲ, ನಿಜವಾಗ್ಲೂ ಕಣ್ಣಲ್ಲಿ ನೀರು ಬಂತು. ಹಾರ್ಡ್ ಜೆಲ್ ಅಂತ ಇನ್ನೊಂದಿದೆ, ಅದು ಅಸಿಟೋನ್‌ಗೆ ಕರಗಲ್ಲ, ಫೈಲ್ ಮಾಡೇ ತೆಗೀಬೇಕು, ಹಾಕಿಸೋಕೆ ಮುಂಚೆ ಯಾವುದು ಅಂತ ಕೇಳ್ಕೊಳ್ಳಿ.

ಅಡುಗೆಮನೆ ಕೆಲಸ ಮಾಡೋರಿಗೆ ನನ್ನ ಅನುಭವ ಹೇಳ್ತೀನಿ. ಮೊದಲ ಸಲ ತಿಳಿ ಗುಲಾಬಿ ಹಾಕಿಸಿದ್ದೆ, ನಾಲ್ಕೇ ದಿನಕ್ಕೆ ಬಿಸಿಬೇಳೆಬಾತ್ ಅರಿಶಿನ ಹಿಡಿದು ಹಳದಿ ಆಯ್ತು, ಎರಡನೇ ಸಲ ಮರೂನ್ ಹಾಕಿಸ್ದೆ, ಆ ತಲೆನೋವೇ ಇಲ್ಲ. ಜನವರಿಯಲ್ಲಿ ಅವರೆಕಾಳು ಹಿಸುಕೋವಾಗ ಉಗುರು ಬಳಸದೆ ಬೆರಳ ಮೆತ್ತೆಯಿಂದ ಒತ್ತೋದು ಅಭ್ಯಾಸ ಮಾಡ್ಕೊಂಡೆ, ಓವರ್‌ಲೇ ಗಿಡ್ಡ ಇದ್ದಿದ್ರಿಂದ ಆಯ್ತು, ಉದ್ದ ಎಕ್ಸ್‌ಟೆನ್ಷನ್ ಇದ್ರೆ ಖಂಡಿತ ಆಗಲ್ಲ. ಪಾತ್ರೆಗೆ ಗ್ಲೌಸ್, ರಾತ್ರಿ ಉಗುರಿನ ಬುಡಕ್ಕೆ ಎಣ್ಣೆ. ಅಂಚು ಎದ್ರೆ ಫೆವಿಕ್ವಿಕ್ ಹಾಕಿ ಅಂಟಿಸ್ಲೇಬೇಡಿ, ಒಳಗೆ ತೇವ ಸಿಕ್ಕಾಕೊಂಡು ಬ್ಯಾಕ್ಟೀರಿಯಾ ಬೆಳೆದು ಉಗುರು ಹಸಿರಾಗತ್ತೆ. ಅಸಿಟೋನ್ ಮನೇಲಿ ಇಟ್ಕೊಂಡಿದ್ರೆ ಒಲೆ ಹತ್ರ, ದೇವರ ದೀಪದ ಹತ್ರ ತರಬೇಡಿ, ತಕ್ಷಣ ಹತ್ಕೊಳತ್ತೆ.

ನಾನು ಕೊಟ್ಟಿದ್ದು ಓವರ್‌ಲೇಗೆ 1,100, ಮೂರು ವಾರಕ್ಕೆ ಉಗುರು ಬೆಳೆದು ಬುಡದಲ್ಲಿ ಖಾಲಿಯಾದ ಜಾಗಕ್ಕೆ ಮತ್ತೆ ಜೆಲ್ ತುಂಬೋ ರೀಫಿಲ್‌ಗೆ 700, ತೆಗೆಯೋಕೆ 300. ಕಮ್ಮಿ ಏನಲ್ಲ. ಪಾರ್ಕಿಂಗ್ ಇಲ್ಲ, ಫ್ಯಾನ್ ಒಂದೇ, ಅಸಿಟೋನ್ ವಾಸನೆಗೆ ಕಿಟಕಿ ಇನ್ನೂ ದೊಡ್ಡದಿರಬೇಕಿತ್ತು, ಇಡೀ ದಿನ ಅಲ್ಲೇ ಕೂರೋ ಅವಳಿಗೋಸ್ಕರನಾದ್ರೂ ಓನರ್ ಒಂದು ಎಕ್ಸಾಸ್ಟ್ ಹಾಕಿಸ್ಲಿ. ಸೋಮವಾರ ರಜ, ಹಬ್ಬದ ಮುಂಚೆ ಹತ್ತು ದಿನ ಸ್ಲಾಟ್ ಸಿಗಲ್ಲ. ಯುಗಾದಿಗೆ ಅಮ್ಮನಿಗೂ ಬುಕ್ ಮಾಡಿದೀನಿ, ಉದ್ದ ಗಿದ್ದ ಬೇಡ್ವಂತೆ, ಬಣ್ಣ ಮಾತ್ರ, ಅದೂ ಕುಂಕುಮದ ಬಣ್ಣನೇ ಆಗ್ಬೇಕಂತೆ.