ಏಳು ಹಡಗಿಗೂ ಒಂದೇ ಹೆಸರು: ಎಂಟರ್‌ಪ್ರೈಸ್ ಮಾಡೆಲ್ ಸೆಟ್ ಹೇಗಿದೆ?

ಮೊದಲೇ ಹೇಳಿಬಿಡುತ್ತೇನೆ, ಈ ಸೆಟ್ ತಗೊಳ್ಳಬಹುದು. ಪ್ಲಾಸ್ಟಿಕ್ ಗಟ್ಟಿ ಇದೆ, ಅಳತೆ ಸರಿಯಿದೆ, ಅಂಟಿಸುವ ಅಕ್ಷರಗಳ ಹಾಳೆಯಂತೂ ತುಂಬಾ ಚೆನ್ನಾಗಿದೆ. ಆದರೆ ಸ್ಟ್ಯಾಂಡಿನ ಮೇಲೆ ಹೆಸರು ಬರೆದ ರೀತಿ ನನಗೆ ಒಪ್ಪಿಗೆಯಾಗಲಿಲ್ಲ. ಇವು ಸ್ಟಾರ್ ಟ್ರೆಕ್ ಎಂಬ ಅಮೆರಿಕದ ಧಾರಾವಾಹಿ, ಸಿನಿಮಾಗಳಲ್ಲಿ ಬರುವ ಬಾಹ್ಯಾಕಾಶ ಹಡಗುಗಳು. ಸ್ಟಾರ್ ಟ್ರೆಕ್ ಇಷ್ಟಪಡುವವರಿಗೆ ಹೆಸರು ಸಣ್ಣ ವಿಷಯ ಅಲ್ಲ.

ನಾನು ಮಲ್ಪೆಯಲ್ಲಿ ಬೋಟುಗಳ ಲೆಕ್ಕ ಬರೆಯುವವಳು. ಡೀಸೆಲ್, ಐಸ್, ಬಲೆ ರಿಪೇರಿ, ಮೀನಿನ ಏಲಂ ದುಡ್ಡು ಎಲ್ಲ ನನ್ನ ಪುಸ್ತಕಕ್ಕೆ ಬರುತ್ತದೆ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ಆಗ ನನಗೂ ಕೆಲಸ ಕಮ್ಮಿ. ಈ ಮಳೆಗಾಲದ ಸಂಜೆಗಳೆಲ್ಲ ಈ ಸೆಟ್ ಜೋಡಿಸುವುದರಲ್ಲೇ ಕಳೆದವು. ಜೊತೆಗೆ ಅಣ್ಣನ ಮಗ ಇದ್ದ.

ಪೆಟ್ಟಿಗೆಯಲ್ಲಿ ಏಳು ಹಡಗುಗಳಿವೆ, ಅವುಗಳ ನೋಂದಣಿ ನಂಬರ್ ಇವು. ಎನ್‌ಎಕ್ಸ್-01, ಎನ್‌ಸಿಸಿ-1701, ಮತ್ತೆ ಅದೇ 1701ರ ಮುಂದೆ ಎ, ಬಿ, ಸಿ, ಡಿ, ಇ ಅಕ್ಷರ ಸೇರಿಸಿದ ಐದು. ಏಳರ ಹೆಸರೂ ಎಂಟರ್‌ಪ್ರೈಸ್. ಎಲ್ಲವನ್ನೂ ಹರಡಿಟ್ಟಾಗ ಹುಡುಗ ಕೇಳಿದ್ದು ಒಂದೇ ಪ್ರಶ್ನೆ: "ಅತ್ತೆ, ಇದ್ರಲ್ಲಿ ನಿಜವಾದ ಎಂಟರ್‌ಪ್ರೈಸ್ ಯಾವುದು?"

ಎಲ್ಲವೂ ನಿಜವಾದದ್ದೇ. 1966ರ ಸೆಪ್ಟೆಂಬರ್ 8ರಂದು ಅಮೆರಿಕದ ಎನ್‌ಬಿಸಿಯಲ್ಲಿ ಶುರುವಾದ ಮೊದಲ ಧಾರಾವಾಹಿಯಲ್ಲಿ ಕ್ಯಾಪ್ಟನ್ ಕರ್ಕ್‌ನ ಹಡಗು ಬರೀ 1701. 1984ರ ಸಿನಿಮಾದಲ್ಲಿ ಕರ್ಕ್ ತನ್ನ ಕೈಯಾರೆ ಅದನ್ನು ಸ್ಫೋಟಿಸುತ್ತಾನೆ. 1986ರ ಸಿನಿಮಾದ ಕೊನೆಗೆ ಅವನಿಗೆ ಸಿಗುವ ಹೊಸ ಹಡಗು 1701-ಎ. 1987ರಲ್ಲಿ ಬಂದ ಧಾರಾವಾಹಿಯಲ್ಲಿ ಕ್ಯಾಪ್ಟನ್ ಪಿಕಾರ್ಡ್‌ನದು ಡಿ. ಸಿ ಬರುವುದು 1990ರ ಒಂದು ಕಂತಿನಲ್ಲಿ, ಬಿ 1994ರ ಸಿನಿಮಾದಲ್ಲಿ, ಇ 1996ರದ್ದರಲ್ಲಿ. 2001ರಲ್ಲಿ ಶುರುವಾದ ಧಾರಾವಾಹಿ ಕಥೆಯನ್ನು ಕರ್ಕ್‌ಗಿಂತ ನೂರು ವರ್ಷ ಹಿಂದಕ್ಕೆ ಒಯ್ಯಿತು. ಅಲ್ಲಿನ ಹಡಗು ಎನ್‌ಎಕ್ಸ್-01. ಆ ಧಾರಾವಾಹಿಯ ಹೆಸರೂ ಎಂಟರ್‌ಪ್ರೈಸ್ ಅಂತಲೇ ಇತ್ತು. ಮೂರನೇ ಸೀಸನ್‌ನಲ್ಲಿ, 2003ರಲ್ಲಿ, ಅದರ ಹಿಂದೆ ಸ್ಟಾರ್ ಟ್ರೆಕ್ ಎಂದು ಸೇರಿಸಿದರು. ಹಾಗಾಗಿ ಯಾರಾದರೂ "ಎಂಟರ್‌ಪ್ರೈಸ್ ನೋಡಿದ್ದೀರಾ?" ಎಂದರೆ ಹಡಗೋ ಧಾರಾವಾಹಿಯೋ ಎಂದು ವಾಪಸ್ ಕೇಳಲೇಬೇಕು.

ನನ್ನ ಅಪ್ಪನಿಗೆ ಆ ಹೆಸರು ಕೇಳಿದರೆ ಬೇರೆಯೇ ನೆನಪು. 1971ರ ಡಿಸೆಂಬರಿನಲ್ಲಿ, ಬಾಂಗ್ಲಾ ಯುದ್ಧದ ಹೊತ್ತಿನಲ್ಲಿ, ಅಮೆರಿಕ ಬಂಗಾಳ ಕೊಲ್ಲಿಯತ್ತ ಕಳಿಸಿದ ವಿಮಾನವಾಹಕ ಹಡಗಿನ ಹೆಸರೂ ಎಂಟರ್‌ಪ್ರೈಸ್. ಅಣುಶಕ್ತಿಯಿಂದ ಓಡುವ ಜಗತ್ತಿನ ಮೊದಲ ವಿಮಾನವಾಹಕ ಅದು, 1961ರಲ್ಲಿ ಸೇವೆಗೆ ಬಂತು. ಧಾರಾವಾಹಿಯ ಜನಕ ಜೀನ್ ರಾಡನ್‌ಬೆರಿ 1964ರಲ್ಲಿ ಬರೆದ ಮೊದಲ ಟಿಪ್ಪಣಿಯಲ್ಲಿ ಬಾಹ್ಯಾಕಾಶ ಹಡಗಿಗೆ ಯಾರ್ಕ್‌ಟೌನ್ ಎಂಬ ಹೆಸರಿತ್ತು. ಅದೂ ನೌಕಾಪಡೆಯಲ್ಲಿ ಇದ್ದ ಹೆಸರೇ. ಆಮೇಲೆ ಎಂಟರ್‌ಪ್ರೈಸ್ ಆಯಿತು. ಮುಂದೆ ಹೆಸರು ಕಥೆಯಿಂದ ಲೋಕಕ್ಕೂ ಬಂತು. ನಾಸಾದ ಮೊದಲ ಶಟಲ್‌ಗೆ ಕಾನ್‌ಸ್ಟಿಟ್ಯೂಷನ್ ಎಂದು ಹೆಸರಿಡಬೇಕೆಂದಿತ್ತು. ಅಭಿಮಾನಿಗಳು ಪತ್ರಗಳ ಮೇಲೆ ಪತ್ರ ಬರೆದರು, 1976ರಲ್ಲಿ ಅದಕ್ಕೆ ಎಂಟರ್‌ಪ್ರೈಸ್ ಎಂಬ ಹೆಸರಾಯಿತು. ಆ ಶಟಲ್ ಬಾಹ್ಯಾಕಾಶಕ್ಕೆ ಹೋಗಲೇ ಇಲ್ಲ, ಗಾಳಿಯಲ್ಲಿ ತೇಲಿ ಇಳಿಯುವಂಥ ಪರೀಕ್ಷೆಗಳಿಗಷ್ಟೇ ಬಳಸಿದರು. ಇದನ್ನು ನೆನೆದರೆ ನನಗೆ ಈಗಲೂ ಬೇಜಾರಾಗುತ್ತದೆ.

ಇಷ್ಟು ಜಾಗದಲ್ಲಿ ಒಂದೇ ಹೆಸರು ಓಡಾಡುವಾಗ ಗುರುತು ಹಿಡಿಯುವುದು ನಂಬರಿನಿಂದ. ಇದು ನನಗೆ ಚೆನ್ನಾಗಿ ಗೊತ್ತು. ನಮ್ಮ ಬಂದರಿನಲ್ಲಿ ದೇವರ ಹೆಸರಿನ ಬೋಟುಗಳು ಎಷ್ಟೋ ಇವೆ. ಬರೀ "ದುರ್ಗಾ" ಎಂದು ಡೀಸೆಲ್ ಚೀಟಿ ಬಂದರೆ ಯಾವ ದುರ್ಗಾ ಎಂದು ಬರೆದುಕೊಳ್ಳಲಿ? ಅದಕ್ಕೇ ಐಎನ್‌ಡಿ-ಕೆಎ ಎಂದು ಶುರುವಾಗುವ ನೋಂದಣಿ ನಂಬರ್ ಇಲ್ಲದ ಚೀಟಿಯನ್ನು ನಾನು ಮುಟ್ಟುವುದಿಲ್ಲ. ಮಳೆಗಾಲದಲ್ಲಿ ಬೋಟುಗಳಿಗೆ ಹೊಸ ಬಣ್ಣ ಹೊಡೆಯುವಾಗ ಪೇಂಟರ್ ಹೆಸರಿನ ಸುತ್ತ ಹೂವು ಬಳ್ಳಿ ಬರೆದರೂ, ನಂಬರನ್ನು ಮಾತ್ರ ದೂರಕ್ಕೆ ಕಾಣುವ ಹಾಗೆ ನೇರವಾಗಿ ಬರೆಯುತ್ತಾನೆ.

ಎಂಟರ್‌ಪ್ರೈಸ್‌ನ ವಿನ್ಯಾಸ ಮಾಡಿದ ಮ್ಯಾಟ್ ಜೆಫರೀಸ್ ಯೋಚಿಸಿದ್ದೂ ಹಾಗೆಯೇ. ಅವರು ವಿಮಾನ ಹಾರಿಸಿ ಗೊತ್ತಿದ್ದವರು. ಅಮೆರಿಕದ ವಿಮಾನಗಳ ನೋಂದಣಿಯಲ್ಲಿದ್ದ ಎನ್‌ಸಿ ಅಕ್ಷರಗಳಿಂದ ಎನ್‌ಸಿಸಿ ಮಾಡಿಕೊಂಡರು. ಅಂಕಿಗಳಲ್ಲಿ 3, 6, 8, 9 ಬೇಡ ಎಂದರು, ದೂರದಿಂದ ಒಂದಕ್ಕೊಂದು ಕಲಸಿಹೋಗುತ್ತವೆ ಅಂತ. 1701 ಹಾಗೆ ಉಳಿದದ್ದು. ಟಿವಿ ಪರದೆ ಸಣ್ಣದಿದ್ದ ಕಾಲದಲ್ಲಿ ಎಷ್ಟು ಒಳ್ಳೆಯ ಯೋಚನೆ, ಅಲ್ವಾ?

ಈ ಸೆಟ್‌ನ ಅಕ್ಷರದ ಹಾಳೆ ಮಾಡಿದವರಿಗೆ ಇದೆಲ್ಲ ಗೊತ್ತಿತ್ತು ಅನಿಸುತ್ತದೆ. ನೀರಿನಲ್ಲಿ ನೆನೆಸಿ ಜಾರಿಸುವ ಬಗೆಯದು. ಬೇಕಾದಷ್ಟನ್ನೇ ಕತ್ತರಿಸಿ, ಉಗುರುಬೆಚ್ಚಗಿನ ನೀರಲ್ಲಿ ಬಿಟ್ಟು, ಕಾಗದ ಮೆತ್ತಗಾದ ಮೇಲೆ ಬ್ರಷ್‌ನ ತುದಿಯಿಂದ ಹಡಗಿನ ತಟ್ಟೆಯಂಥ ಮುಂಭಾಗದ ಮೇಲೆ ಸರಿಸಬೇಕು. ನಂಬರ್ ತಟ್ಟೆಯ ಅಂಚಿನ ಜೊತೆ ಬಾಗಿಕೊಂಡೇ ಕೂರುತ್ತದೆ, ಎಳೆದು ಸರಿಮಾಡುವ ಕೆಲಸವಿಲ್ಲ. 1701ಕ್ಕೂ 1701-ಎಗೂ ಅಕ್ಷರದ ಶೈಲಿ ಬೇರೆ ಬೇರೆ ಇದೆ, ಅದನ್ನೂ ಬಿಟ್ಟಿಲ್ಲ. ಎನ್‌ಎಕ್ಸ್-01ರ ನಂಬರ್ ಅಕ್ಕಿಕಾಳಿಗಿಂತ ಸ್ವಲ್ಪವೇ ದೊಡ್ಡದು, ಆದರೂ ಅಂಚು ಒಡೆದಿಲ್ಲ.

ಅಳತೆಯ ವಿಷಯದಲ್ಲೂ ನನಗೆ ಖುಷಿಯಾಯಿತು. ಏಳೂ 1:2500ರಲ್ಲಿವೆ. ಕಥೆಯ ಪ್ರಕಾರ ಎನ್‌ಎಕ್ಸ್-01 ಉದ್ದ 225 ಮೀಟರ್, 1701 ಉದ್ದ 289, ಡಿ 642, ಇ 685. ಮೇಜಿನ ಮೇಲೆ ಎನ್‌ಎಕ್ಸ್-01 ಒಂಬತ್ತು ಸೆಂಟಿಮೀಟರ್, ಇ ಇಪ್ಪತ್ತೇಳಕ್ಕೂ ಜಾಸ್ತಿ. ಎಷ್ಟೋ ಸೆಟ್‌ಗಳಲ್ಲಿ ಎಲ್ಲವನ್ನೂ ಒಂದೇ ಉದ್ದಕ್ಕೆ ಕುಗ್ಗಿಸಿರುತ್ತಾರೆ. ಇಲ್ಲಿ ಡಿ ಪಕ್ಕದಲ್ಲಿ 1701 ಇಟ್ಟರೆ ಸಾಕು, 430 ಜನರ ಹಡಗಿಗೂ ಸಾವಿರಕ್ಕೂ ಹೆಚ್ಚು ಜನರ ಹಡಗಿಗೂ ಏನು ವ್ಯತ್ಯಾಸ ಎಂದು ಮಗುವಿಗೂ ತಿಳಿಯುತ್ತದೆ.

ಇಷ್ಟೆಲ್ಲ ಮಾಡಿದವರು ಸ್ಟ್ಯಾಂಡ್ ವಿಷಯದಲ್ಲಿ ಯಾಕೆ ಕೈಬಿಟ್ಟರೋ! ಏಳು ಸ್ಟ್ಯಾಂಡಿನ ಮೇಲೂ ಅಚ್ಚು ಒಂದೇ: "ಯುಎಸ್‌ಎಸ್ ಎಂಟರ್‌ಪ್ರೈಸ್". ನಂಬರಿಲ್ಲ, ಅಕ್ಷರವಿಲ್ಲ. ಎನ್‌ಎಕ್ಸ್-01ಕ್ಕಂತೂ ಅದು ತಪ್ಪೇ. ಯುಎಸ್‌ಎಸ್ ಎಂದು ಸೇರಿಸುವುದು ಫೆಡರೇಷನ್, ಅಂದರೆ ಕಥೆಯ ಗ್ರಹಗಳ ಒಕ್ಕೂಟದ ಹಡಗುಗಳಿಗೆ. ಎನ್‌ಎಕ್ಸ್-01 ಹೊರಡುವುದು 2151ರಲ್ಲಿ, ಆ ಒಕ್ಕೂಟ ಹುಟ್ಟುವುದು 2161ರಲ್ಲಿ. ಅದರ ಹೆಸರಿನ ಹಿಂದೆ ಯುಎಸ್‌ಎಸ್ ಇರಲೇ ಇಲ್ಲ.

ನಂಬರ್ ಜೊತೆ ಇಸವಿಯನ್ನೂ ಹಾಕಬೇಕಿತ್ತು ಎನ್ನುವುದು ನನ್ನ ಅಭಿಪ್ರಾಯ. ಯಾಕೆಂದರೆ 2009ರ ಸಿನಿಮಾದಲ್ಲಿ ಕಾಲದ ದಾರಿ ಕವಲೊಡೆದು, ಇನ್ನೊಂದು ಎನ್‌ಸಿಸಿ-1701 ಬಂತು. ಹೆಸರೂ ಅದೇ, ನಂಬರೂ ಅದೇ, ಹಡಗು ಬೇರೆ. 1967ರ ಒಂದು ಕಂತಿನಲ್ಲಿ ಕನ್ನಡಿ ಲೋಕದ ಕ್ರೂರಿಗಳ ಹಡಗು ಬೇರೆ ಇದೆ, ಐಎಸ್‌ಎಸ್ ಎಂಟರ್‌ಪ್ರೈಸ್. 2023ರಲ್ಲಿ ಟೈಟನ್-ಎ ಎಂಬ ಹಡಗಿಗೆ ಎಂಟರ್‌ಪ್ರೈಸ್-ಜಿ ಎಂದು ಮರುಹೆಸರಿಟ್ಟರು. ಈ ಮೂರೂ ಸೆಟ್‌ನಲ್ಲಿಲ್ಲ, ಅದರ ಬಗ್ಗೆ ದೂರಿಲ್ಲ. ಆದರೆ ಹೊಸದಾಗಿ ನೋಡಲು ಶುರುಮಾಡಿದ ಮಗು ಸ್ಟ್ಯಾಂಡ್ ಓದಿಯೇ ತಾನೇ ಕಲಿಯುವುದು? ನಾವು ಉಳಿದ ಬಿಳಿ ಪ್ಲಾಸ್ಟಿಕ್ಕಿನಿಂದ ಸಣ್ಣ ಪಟ್ಟಿ ಕತ್ತರಿಸಿ, ನಂಬರ್ ಮತ್ತು ಇಸವಿ ಬರೆದು ಅಂಟಿಸಿದೆವು. ಹುಡುಗನ ಕೈಬರಹ ಚೆನ್ನಾಗಿದೆ, ಅವನೇ ಬರೆದ.

ಆನ್‌ಲೈನಿನಲ್ಲಿ ಮಾರಿದವರದ್ದೂ ಇದೇ ಕಥೆ. "ಎಂಟರ್‌ಪ್ರೈಸ್ ಮಾಡೆಲ್ ಸೆಟ್" ಎಂದಷ್ಟೇ ಹಾಕಿದ್ದರು. ಯಾವ ಯಾವ ಹಡಗು ಎಂದು ನಾನು ಕೇಳಿದ್ದಕ್ಕೆ "ಎಲ್ಲ ಎಂಟರ್‌ಪ್ರೈಸ್ ಮೇಡಂ" ಎಂಬ ಉತ್ತರ ಬಂತು. ಕೊನೆಗೆ ಪೆಟ್ಟಿಗೆಯ ಹಿಂಬದಿಯ ಫೋಟೋ ತರಿಸಿಕೊಂಡು ನಂಬರ್ ಓದಿಯೇ ದುಡ್ಡು ಕಳಿಸಿದೆ. ನೀವೂ ಹಾಗೆಯೇ ಮಾಡಿ. ನಿಮ್ಮ ಇಷ್ಟದ ಹಡಗು ಸೆಟ್‌ನಲ್ಲಿ ಇಲ್ಲದಿದ್ದರೆ ಬೇಜಾರಾಗುತ್ತದೆ.

ನಮ್ಮ ಕರಾವಳಿಯವರಿಗೆ ಇನ್ನೊಂದು ಮಾತು. ಮಳೆಗಾಲದಲ್ಲಿ ಜೋಡಿಸುವುದಾದರೆ ಅಕ್ಷರ ಅಂಟಿಸಿದ ಮೇಲೆ ಒಂದು ರಾತ್ರಿ ಪೂರ್ತಿ ಮುಟ್ಟಬೇಡಿ. ಗಾಳಿಯ ತೇವಕ್ಕೆ ಬೇಗ ಒಣಗುವುದಿಲ್ಲ. ಫ್ಯಾನ್ ಕೆಳಗೂ ಇಡಬೇಡಿ, ಅಂಚು ಏಳುತ್ತದೆ. ಹಡಗುಗಳ ಮೇಲೆ ಅಗಲದ ಡಬ್ಬ ಕವುಚಿಡಿ. ಮೊದಲು ಡಿ ಹಡಗಿನಿಂದ ಶುರುಮಾಡಿ, ಅದರ ಭಾಗಗಳು ದೊಡ್ಡವು. ಎನ್‌ಎಕ್ಸ್-01 ಕೊನೆಗಿರಲಿ.