ವಾಪಸ್ ಬಂದ ಕೋಟು ನನ್ನದಾಗಿರಲಿಲ್ಲ: ಹಳೆ ಬಟ್ಟೆ ಆನ್‌ಲೈನ್‌ನಲ್ಲಿ ಮಾರುವವರು ಒಮ್ಮೆ ಓದಿ

ನಾನು ಕಳಿಸಿದ ಕೋಟು ಒಂದು, ವಾಪಸ್ ಬಂದ ಕೋಟು ಇನ್ನೊಂದು. ದುಡ್ಡು ಮಾತ್ರ ಪೂರ್ತಿ ಕೊಂಡವರ ಖಾತೆಗೇ ಹೋಯಿತು. ಇದನ್ನು ಬರೆಯುತ್ತಿರುವುದು ಹೊಟ್ಟೆಯುರಿ ತೀರಿಸಿಕೊಳ್ಳುವುದಕ್ಕಲ್ಲ (ಅದೂ ಸ್ವಲ್ಪ ಇದೆ ಅನ್ನಿ). ಬೀರುವಿನಲ್ಲಿ ಸುಮ್ನೆ ನೇತಾಡುತ್ತಿರುವ ಒಳ್ಳೆ ಬಟ್ಟೆಗಳನ್ನು ಆಪ್‌ನಲ್ಲಿ ಹಾಕಿ ಮಾರೋಣ ಅಂತ ತುಂಬಾ ಜನ ಹೊರಟಿದ್ದೀರಿ. ಕೆಲವರು ಅದನ್ನೇ ಚಿಕ್ಕ ವ್ಯಾಪಾರ ಮಾಡಿಕೊಳ್ಳುವ ಯೋಚನೆಯಲ್ಲೂ ಇದ್ದೀರಿ. ಈ ಆಟ ಹೇಗೆ ನಡೆಯುತ್ತದೆ ಅಂತ ಮೊದಲೇ ಗೊತ್ತಿರಲಿ.

ಅಪ್ಪಟ ಉಣ್ಣೆಯ ಕೋಟು. ಒಳಗೆ ಪೂರ್ತಿ ಲೈನಿಂಗ್, ಕೊಂಬಿನ ಗುಂಡಿಗಳು. ಎಡ ಜೇಬಿನ ಕೆಳಗೆ ನುಸಿ ತಿಂದ ಒಂದು ಸಣ್ಣ ತೂತಿತ್ತು. ರಫು ಮಾಡಿಸಿದ್ದೆ. ಅದನ್ನು ಮುಚ್ಚಿಡದೆ ಹತ್ತಿರದಿಂದ ಫೋಟೋ ತೆಗೆದು ಹಾಕಿದ್ದೆ, ವಿವರದಲ್ಲೂ ಬರೆದಿದ್ದೆ. ಒಬ್ಬರು ಚೌಕಾಸಿಯನ್ನೂ ಮಾಡದೆ ಕೊಂಡರು. ಪಾರ್ಸೆಲ್ ತಲುಪಿತು, ಸದ್ದಿಲ್ಲ. ದೂರು ಕೊಡುವ ಗಡುವು ಮುಗಿಯಲು ಕೆಲವೇ ಗಂಟೆ ಇರುವಾಗ ನೋಟಿಫಿಕೇಶನ್ ಬಂತು: 'ವಿವರಣೆಯಲ್ಲಿ ಹೇಳಿದಂತೆ ಇಲ್ಲ.' ಜೊತೆಗೆ ಎರಡು ಮಬ್ಬು ಫೋಟೋ. ಕಂಕುಳ ಹತ್ತಿರ ಹರಿದ ಲೈನಿಂಗ್, ಬಟ್ಟೆಯ ಮೇಲೆಲ್ಲ ಎದ್ದ ಜುಂಗು.

ನನ್ನ ಕೋಟಿನಲ್ಲಿ ಅದ್ಯಾವುದೂ ಇರಲಿಲ್ಲ. ಹಾಗಂತ ಬರೆದೆ. ಆಪ್‌ನವರು 'ವಸ್ತು ವಾಪಸ್ ಬರಲಿ, ಆಮೇಲೆ ನೋಡೋಣ' ಅಂದರು. ಆದರೆ ನೋಡುವುದಕ್ಕೆ ಯಾರೂ ಕಾಯಲೇ ಇಲ್ಲ. ಟ್ರ್ಯಾಕಿಂಗ್‌ನಲ್ಲಿ 'ತಲುಪಿದೆ' ಅಂತ ಬಿದ್ದ ತಕ್ಷಣ ರೀಫಂಡ್ ತಾನಾಗಿಯೇ ಹೋಯಿತು. ನಾನು ಆಗಿನ್ನೂ ಪಾರ್ಸೆಲ್‌ನ ಟೇಪ್ ಕೂಡ ಕತ್ತರಿಸಿರಲಿಲ್ಲ.

ಬಿಚ್ಚಿ ನೋಡಿದರೆ ಬಣ್ಣ ಅದೇ, ಬ್ರ್ಯಾಂಡ್ ಅದೇ. ಕೈಯಲ್ಲಿ ಹಿಡಿದಾಗಲೇ ಹಗುರ ಅನ್ನಿಸಿತು. ಗುಂಡಿಗಳು ಪ್ಲಾಸ್ಟಿಕ್. ಪಕ್ಕದ ಹೊಲಿಗೆಯಲ್ಲಿರುವ ಲೇಬಲ್ ತಿರುಗಿಸಿದರೆ ಉಣ್ಣೆಗಿಂತ ಪಾಲಿಯೆಸ್ಟರ್ ಜಾಸ್ತಿ. ಸೈಜ್ ಒಂದು ದೊಡ್ಡದು. ಎಡ ಜೇಬಿನ ಕೆಳಗೆ ಬೆರಳಾಡಿಸಿ ಹುಡುಕಿದೆ, ರಫು ಮಾಡಿದ ಗುರುತೇ ಇಲ್ಲ. ಕಾಲರ್‌ನಲ್ಲಿ ಸಿಗರೇಟಿನ ವಾಸನೆ ಬೇರೆ.

ಇಷ್ಟೆಲ್ಲ ಫೋಟೋ ತೆಗೆದು ಕಳಿಸಿದೆ. ರಫು ಇರುವ ಹಳೆ ಫೋಟೋ, ರಫು ಇಲ್ಲದ ಹೊಸ ಫೋಟೋ, ಎರಡನ್ನೂ ಪಕ್ಕಪಕ್ಕ ಇಟ್ಟೆ. ಬಂದ ಉತ್ತರದ ತಿರುಳು ಇಷ್ಟು: ಲಿಸ್ಟಿಂಗ್‌ನಲ್ಲಿರುವ (ಆಪ್‌ನಲ್ಲಿ ಮಾರಾಟಕ್ಕೆ ಹಾಕಿದ ಪುಟದಲ್ಲಿರುವ) ಕೋಟನ್ನೇ ನೀವು ಡಬ್ಬಿಗೆ ಹಾಕಿದ್ದೀರಿ ಅನ್ನುವುದಕ್ಕೆ ಪುರಾವೆ ಇಲ್ಲ. ಈಗ ತೋರಿಸುತ್ತಿರುವ ಕೋಟೇ ಆ ಡಬ್ಬಿಯಿಂದ ಬಂದದ್ದು ಅನ್ನುವುದಕ್ಕೂ ಪುರಾವೆ ಇಲ್ಲ. ಮೇಲ್ಮನವಿ ಹಾಕಿದೆ. ಅದೇ ಉತ್ತರ ಇನ್ನೊಂದು ಹೆಸರಿನಲ್ಲಿ ಬಂತು. ಕೇಸು ಮುಚ್ಚಿತು.

ಕೋಪ ಇಳಿದ ಮೇಲೆ ಯೋಚಿಸಿದರೆ, ಅವರ ಲೆಕ್ಕ ಅರ್ಥವಾಗುತ್ತದೆ, ಒಪ್ಪಿಗೆಯಾಗದಿದ್ದರೂ. ಕೇಸು ನೋಡುವವರು ಬಟ್ಟೆಯನ್ನು ಮುಟ್ಟುವುದಿಲ್ಲ. ಅವರ ಮುಂದೆ ಇರುವುದು ಚಾಟ್, ಫೋಟೋ ಮತ್ತು ಟ್ರ್ಯಾಕಿಂಗ್ ನಂಬರ್ ಮಾತ್ರ. ಟ್ರ್ಯಾಕಿಂಗ್ ಹೇಳುವುದು ಒಂದು ಡಬ್ಬಿ ಒಂದು ವಿಳಾಸ ತಲುಪಿತು ಅಂತ. ಒಳಗೆ ಕೋಟಿತ್ತೋ ಕಸವಿತ್ತೋ ಅದಕ್ಕೆ ಗೊತ್ತಿಲ್ಲ. ಇಬ್ಬರ ಮಾತಿನ ನಡುವೆ ಅನುಮಾನ ಬಂದಾಗ ಆಪ್ ಸಾಮಾನ್ಯವಾಗಿ ಕೊಂಡವರ ಕಡೆ ವಾಲುತ್ತದೆ. ಹಳೆ ಬಟ್ಟೆಯನ್ನು ನೋಡದೆ ಕೊಳ್ಳುವ ಧೈರ್ಯ ಜನಕ್ಕೆ ಬರುವುದೇ ಆ ಭರವಸೆಯಿಂದ ಅಲ್ವಾ? ಅದರ ಖರ್ಚು ಮಾತ್ರ ನಮ್ಮ ತಲೆಯ ಮೇಲೆ.

ಆದ್ದರಿಂದ ಮೊದಲ ಮಾತು. ವ್ಯಾಲೆಟ್‌ನಲ್ಲಿ ದುಡ್ಡು ಕಾಣಿಸಿತು ಅಂದರೆ ಮಾರಾಟ ಮುಗಿಯಿತು ಅಂತಲ್ಲ. ದೂರಿನ ಗಡುವು ಮುಗಿಯುವವರೆಗೆ ಅದು ನಿಮ್ಮ ದುಡ್ಡೇ ಅಲ್ಲ. ಈ ಗಡುವು ಒಂದೊಂದು ಕಡೆ ಒಂದೊಂದು ಥರ. ಹೊರದೇಶಗಳಲ್ಲಿ ನಡೆಯುವ ಇಂಥ ಆಪ್‌ಗಳನ್ನೇ ನೋಡಿ: ವಿಂಟೆಡ್‌ನಲ್ಲಿ ವಸ್ತು ತಲುಪಿದ ಮೇಲೆ 2 ದಿನ, ಪಾಶ್‌ಮಾರ್ಕ್‌ನಲ್ಲಿ 3 ದಿನ, ಈಬೇಯ ಹಣ ವಾಪಸಾತಿ ಭರವಸೆಯಲ್ಲಿ 30 ದಿನ. ಕಾರ್ಡ್‌ನಲ್ಲಿ ಕೊಂಡವರು ಆಪ್ ಬಿಟ್ಟು ನೇರ ಬ್ಯಾಂಕಿಗೆ ತಕರಾರು ಕೊಡುವ ದಾರಿಯೂ ಇದೆ. ಅದಕ್ಕೆ ಸಾಮಾನ್ಯವಾಗಿ 120 ದಿನಗಳವರೆಗೆ ಅವಕಾಶ. ನೀವು ಲಿಸ್ಟ್ ಮಾಡುವ ಕಡೆ ಗಡುವು ಎಷ್ಟು, ರಿಟರ್ನ್ ಬಂದಾಗ ರೀಫಂಡ್ ತಾನಾಗಿ ಹೋಗುತ್ತದಾ ಅಥವಾ ನೀವು ನೋಡಿ ಒಪ್ಪಿದ ಮೇಲೆ ಹೋಗುತ್ತದಾ, ಇವೆರಡನ್ನು ಮೊದಲು ಓದಿಕೊಳ್ಳಿ. ಕಮಿಷನ್ ಎಷ್ಟು ಅಂತ ಎಲ್ಲರೂ ನೋಡುತ್ತಾರೆ. ಇದನ್ನು ಯಾರೂ ನೋಡುವುದಿಲ್ಲ.

ಎರಡನೆಯದು ಪುರಾವೆ. ಈಗ ನಾನು ಪ್ಯಾಕ್ ಮಾಡುವಾಗ ಫೋನ್ ನಿಲ್ಲಿಸಿ ಒಂದೇ ಓಟದಲ್ಲಿ ವಿಡಿಯೋ ತೆಗೆಯುತ್ತೇನೆ. ಎಲ್ಲೂ ಕಟ್ ಇರಬಾರದು. ಬಟ್ಟೆಯ ಮುಂದೆ, ಹಿಂದೆ, ಒಗೆಯುವ ಸೂಚನೆಯ ಲೇಬಲ್, ಅದರ ಹಿಂದಿರುವ ಸ್ಟೈಲ್ ನಂಬರ್, ಆ ಒಂದೇ ಬಟ್ಟೆಗೆ ಇರುವ ಗುರುತು (ರಫು, ಬೇರೆ ಬಣ್ಣದ ದಾರ, ಗೀಚಿದ ಗುಂಡಿ, ಏನಾದರೂ). ಆಮೇಲೆ ಡಬ್ಬಿಗೆ ಹಾಕುವುದು, ಟೇಪ್ ಹಚ್ಚುವುದು, ವಿಳಾಸದ ಚೀಟಿ ಅಂಟಿಸುವುದು, ತಕ್ಕಡಿಯ ಮೇಲೆ ತೂಕ. ಎಲ್ಲವೂ ಒಂದೇ ವಿಡಿಯೋದಲ್ಲಿ. ರಿಟರ್ನ್ ಬಂದಾಗಲೂ ಹಾಗೆಯೇ, ಟೇಪ್ ಕತ್ತರಿಸುವ ಮೊದಲೇ ಕ್ಯಾಮೆರಾ ಓಡುತ್ತಿರಬೇಕು. ತೂಕದ ವಿಷಯ ಮರೆಯಬೇಡಿ. ಕಳಿಸಿದ ಡಬ್ಬಿಯ ತೂಕ ಮತ್ತು ಬಂದ ಡಬ್ಬಿಯ ತೂಕ ಕೊರಿಯರ್ ರಸೀದಿಯಲ್ಲೇ ಬೇರೆಬೇರೆ ಇದ್ದರೆ, ಅದು ನಿಮ್ಮ ಮಾತಲ್ಲ, ಮೂರನೆಯವರ ದಾಖಲೆ.

ಬೆಲೆಬಾಳುವ ಬಟ್ಟೆಗೆ ಒಮ್ಮೆ ಕತ್ತರಿಸಿದರೆ ಮತ್ತೆ ಸೇರಿಸಲು ಬಾರದ ಟ್ಯಾಗ್ ಸಿಗುತ್ತದೆ. ಎದುರಿಗೇ ಕಾಣುವ ಜಾಗದಲ್ಲಿ ಹಾಕಿ, 'ಟ್ಯಾಗ್ ತೆಗೆದರೆ ವಾಪಸ್ ಇಲ್ಲ' ಅಂತ ಲಿಸ್ಟಿಂಗ್‌ನಲ್ಲಿ ಬರೆಯಬಹುದು. ಒಂದು ಸಲ ಹಾಕಿಕೊಂಡು ಮದುವೆ ಮುಗಿಸಿ ವಾಪಸ್ ಕಳಿಸುವವರು ಇದಕ್ಕೆ ಹೆದರುತ್ತಾರೆ. ಆದರೆ ನಿಮ್ಮ ಷರತ್ತು ಆಪ್‌ನ ನಿಯಮಕ್ಕಿಂತ ದೊಡ್ಡದಲ್ಲ. 'ನೋ ರಿಟರ್ನ್ಸ್' ಅಂತ ಬರೆದುಕೊಂಡಿದ್ದರೂ 'ವಿವರಣೆಯಂತೆ ಇಲ್ಲ' ಅನ್ನುವ ದೂರನ್ನು ಅದು ತಡೆಯುವುದಿಲ್ಲ.

ಕೋಟು ಬದಲಿಸುವ ಈ ಮೋಸಕ್ಕೆ ಚಿಕ್ಕ ತಮ್ಮ ಇನ್ನೊಂದಿದೆ. ಪಾರ್ಸೆಲ್ ತಲುಪಿದ ಮೇಲೆ ಒಂದು ವಿನಯದ ಮೆಸೇಜು ಬರುತ್ತದೆ. 'ಸಣ್ಣ ಕಲೆ ಇದೆ, ಪರವಾಗಿಲ್ಲ, ಅರ್ಧ ದುಡ್ಡು ವಾಪಸ್ ಕೊಟ್ಟರೆ ಇಟ್ಟುಕೊಳ್ಳುತ್ತೇನೆ, ಇಲ್ಲದಿದ್ದರೆ ಒಂದು ಸ್ಟಾರ್ ಕೊಡಬೇಕಾಗುತ್ತದೆ.' ಕಲೆಯ ಫೋಟೋ ಕೇಳಿ. ನಿಜಕ್ಕೂ ಕಲೆ ಇದ್ದರೆ 'ಪೂರ್ತಿ ವಾಪಸ್ ಕಳಿಸಿ, ಪೂರ್ತಿ ದುಡ್ಡು ಕೊಡುತ್ತೇನೆ' ಅನ್ನಿ. ಕಲೆ ಇಲ್ಲದವರು ಇಲ್ಲಿಗೇ ಮಾಯವಾಗುತ್ತಾರೆ. ರೇಟಿಂಗ್ ಇಟ್ಟುಕೊಂಡು ಬೆದರಿಸುವುದು ಬಹಳಷ್ಟು ಆಪ್‌ಗಳ ನಿಯಮಕ್ಕೆ ವಿರುದ್ಧ. ಆದರೆ ಆ ಮಾತು ಆಪ್‌ನ ಚಾಟ್‌ನಲ್ಲೇ ಇರಬೇಕು. ಅದಕ್ಕೇ ಇಂಥವರು ಮೊದಲ ಮೆಸೇಜಿನಲ್ಲೇ ವಾಟ್ಸ್‌ಆ್ಯಪ್ ನಂಬರ್ ಕೇಳುವುದು.

ನಂಬರ್ ಕೇಳುವವರಲ್ಲಿ ಇನ್ನೂ ಒಂದು ಜಾತಿ ಇದೆ. ಹೊಸ ಖಾತೆ ತೆರೆದು ಮೊದಲ ಬಟ್ಟೆ ಹಾಕಿದ ಕೂಡಲೇ ಮುತ್ತಿಕೊಳ್ಳುತ್ತಾರೆ. ಸೈಜ್ ಕೇಳುವುದಿಲ್ಲ, ಬಣ್ಣ ಕೇಳುವುದಿಲ್ಲ, ನೇರ 'ದುಡ್ಡು ಹಾಕಿದ್ದೇನೆ, ಈ ಕೋಡ್ ಸ್ಕ್ಯಾನ್ ಮಾಡಿದರೆ ಬರುತ್ತದೆ' ಅನ್ನುತ್ತಾರೆ. ಇಲ್ಲವೇ ಆಪ್‌ನ ಲೋಗೋ ಇರುವ ಇಮೇಲ್ ಕಳಿಸುತ್ತಾರೆ, ಒತ್ತಿದರೆ ಕಾರ್ಡ್ ವಿವರ ಕೇಳುವ ಪುಟ. ದುಡ್ಡು ಪಡೆಯುವುದಕ್ಕೆ ಪಿನ್ ಹಾಕುವ, ಒಟಿಪಿ ಹೇಳುವ ಕೆಲಸವೇ ಇಲ್ಲ. ಸ್ಕ್ರೀನ್‌ಶಾಟ್ ನೋಡಿ ಪಾರ್ಸೆಲ್ ಕಳಿಸಬೇಡಿ, ಖಾತೆ ತೆರೆದು ನೋಡಿ ಕಳಿಸಿ.

ಹೆಣ್ಣುಮಕ್ಕಳಿಗೆ ಒಂದು ಮಾತು. 'ಹಾಕಿಕೊಂಡಾಗ ಹೇಗೆ ಕಾಣುತ್ತದೆ, ಒಂದು ಫೋಟೋ ಕಳಿಸಿ' ಅಂತ ಕೇಳುವವರೆಲ್ಲ ಗಿರಾಕಿಗಳಲ್ಲ. ಹಾಸಿಟ್ಟ ಬಟ್ಟೆಯ ಫೋಟೋ ಮತ್ತು ಅಳತೆ ಸಾಕು. ಹಿನ್ನೆಲೆಯಲ್ಲಿ ಕಿಟಕಿಯಾಚೆಯ ಬೀದಿ, ಮನೆ ನಂಬರ್ ಬೀಳದಂತೆ ನೋಡಿಕೊಳ್ಳಿ. ಪಾರ್ಸೆಲ್ ಮೇಲಿನ 'ಇಂದ' ವಿಳಾಸಕ್ಕೆ ಮನೆಯ ಬದಲು ಬೇರೆ ಪಿಕಪ್ ಜಾಗ ಕೊಡುವ ಅನುಕೂಲ ಇದ್ದರೆ ಬಳಸಿ. ವಿಚಿತ್ರ ಮೆಸೇಜಿಗೆ ಉತ್ತರ ಕೊಡುವ ಹಂಗಿಲ್ಲ. ಬ್ಲಾಕ್ ಮಾಡಿ, ರಿಪೋರ್ಟ್ ಮಾಡಿ, ಮುಂದೆ ಹೋಗಿ.

ಎಲ್ಲ ತಕರಾರೂ ಮೋಸವಲ್ಲ, ಅದನ್ನೂ ಹೇಳಬೇಕು. ಬಟ್ಟೆಯೇ ಕೈಕೊಡುವುದುಂಟು. ಮುಖ್ಯವಾಗಿ ಸೈಜ್. ಲೇಬಲ್ ಮೇಲಿನ 'ಎಂ' ಅನ್ನುವುದಕ್ಕೆ ಏನೂ ಅರ್ಥವಿಲ್ಲ. ಬ್ರ್ಯಾಂಡಿನಿಂದ ಬ್ರ್ಯಾಂಡಿಗೆ ಬೇರೆ, ಒಂದೇ ಬ್ರ್ಯಾಂಡಿನಲ್ಲೂ ಹಳೆಯದಕ್ಕೂ ಹೊಸದಕ್ಕೂ ಬೇರೆ. ಮೇಲಾಗಿ ನಮ್ಮ ಕೈಗೆ ಬರುವ ಹೊತ್ತಿಗೆ ಅದು ಎಷ್ಟೋ ಸಲ ಒಗೆದು ಕುಗ್ಗಿರುತ್ತದೆ. ಬಟ್ಟೆಯನ್ನು ಸಮತಟ್ಟಾಗಿ ಹಾಸಿ, ಗುಂಡಿ ಹಾಕಿ, ಒಂದು ಕಂಕುಳಿಂದ ಇನ್ನೊಂದು ಕಂಕುಳಿಗೆ ಟೇಪ್ ಹಿಡಿದು ಅಳೆಯಿರಿ. ಭುಜ, ತೋಳು, ಉದ್ದ, ಪ್ಯಾಂಟಾದರೆ ಸೊಂಟ ಮತ್ತು ಒಳಗಾಲು. ಟೇಪ್ ಬಟ್ಟೆಯ ಮೇಲಿರುವಾಗಲೇ ಫೋಟೋ ತೆಗೆಯಿರಿ. 'ಹಾಸಿ ಅಳೆದದ್ದು, ಸುತ್ತಳತೆ ಬೇಕಾದರೆ ಇಮ್ಮಡಿ ಮಾಡಿ' ಅಂತ ಬರೆಯಿರಿ. ಇಷ್ಟು ಮಾಡಿದ ಮೇಲೆ 'ಬಿಗಿಯಾಯಿತು' ಅನ್ನುವ ರಿಟರ್ನ್ ನನಗೆ ತುಂಬಾ ಕಡಿಮೆಯಾಗಿದೆ.

ಕೃತಕ ಚರ್ಮದ ಜಾಕೆಟ್ ಇದ್ದರೆ ಜಾಗ್ರತೆ. ಅದರ ಮೇಲಿನ ಪಾಲಿಯುರಿಥೇನ್ ಪದರ ಗಾಳಿಯ ತೇವಕ್ಕೆ ಮೆಲ್ಲಗೆ ಒಡೆಯುತ್ತಾ ಹೋಗುತ್ತದೆ. ಒಂದು ದಿನವೂ ಹಾಕದೆ ಬೀರುವಿನಲ್ಲಿಟ್ಟರೂ ಅಷ್ಟೇ, ಕೆಲವು ವರ್ಷಗಳಲ್ಲಿ ಸಿಪ್ಪೆ ಏಳುತ್ತದೆ. ನೀವು ಕಳಿಸಿದಾಗ ಚೆನ್ನಾಗಿರುತ್ತದೆ, ಅವರು ಮೊಣಕೈ ಮಡಚಿದ ಕೂಡಲೇ ಪುಡಿಪುಡಿ. ಕಾಲರ್ ಮಡಿಕೆ, ಮೊಣಕೈ, ಜಿಪ್ ಅಂಚನ್ನು ಬೆರಳಿನಿಂದ ಉಜ್ಜಿ ನೋಡಿ. ಅಂಟಂಟಾಗಿದ್ದರೆ ಮಾರಲೇಬೇಡಿ. ಉಣ್ಣೆ, ರೇಷ್ಮೆಯನ್ನು ಬೆಳಕಿಗೆ ಹಿಡಿದು ತೂತು ಹುಡುಕಿ. ಒಣಗಿದ ಬೆವರಿನ ಕಲೆ ಹಳದಿ ಬಲ್ಬಿನಡಿ ಕಾಣುವುದಿಲ್ಲ, ಹಗಲು ಬೆಳಕಿನಲ್ಲಿ ನೋಡಿ. ಮುಗ್ಗಲು, ನುಸಿಗುಳಿಗೆ, ಸೆಂಟಿನ ವಾಸನೆ ಬಟ್ಟೆಯ ಜೊತೆಗೇ ಬದುಕಿದವರ ಮೂಗಿಗೆ ಹತ್ತುವುದೇ ಇಲ್ಲ. ಬೇರೆಯವರ ಕೈಗೆ ಕೊಟ್ಟು ಮೂಸಿ ನೋಡಲು ಹೇಳಿ.

'ವಿಂಟೇಜ್', 'ಒರಿಜಿನಲ್' ಅನ್ನುವ ಮಾತನ್ನು ಅಳೆದು ಬಳಸಿ. ಲೀವೈಸ್ ಜೀನ್ಸ್‌ನ ಹಿಂಜೇಬಿನ ಕೆಂಪು ಪಟ್ಟಿ 1936ರಲ್ಲಿ ಬಂದದ್ದು. 1971ರ ಆಸುಪಾಸಿನವರೆಗೆ ಅದರ ಮೇಲಿನ ಕಂಪನಿಯ ಹೆಸರಿನಲ್ಲಿ ಇಂಗ್ಲಿಷಿನ 'ಇ' ದೊಡ್ಡಕ್ಷರವಾಗಿತ್ತು. ಅದನ್ನು ಕಂಡ ಕೂಡಲೇ ಹಳೆಯದು ಅಂತ ಕುಣಿಯುವವರಿದ್ದಾರೆ. ಆದರೆ ಕಂಪನಿಯೇ ಹಳೆ ಮಾದರಿಗಳನ್ನು ಈಗಲೂ ಹೊಸದಾಗಿ ಹೊಲಿದು ಮಾರುತ್ತದೆ, ಅವುಗಳಲ್ಲೂ ದೊಡ್ಡ 'ಇ' ಇರುತ್ತದೆ. ಒಂದೇ ಗುರುತು ನಂಬಿ 'ವಿಂಟೇಜ್' ಅಂತ ಬರೆದರೆ, 'ವಿವರಣೆಯಂತೆ ಇಲ್ಲ' ಅನ್ನುವ ದೂರಿಗೆ ನೀವೇ ಬಾಗಿಲು ತೆರೆದ ಹಾಗೆ.

ಕೊರಿಯರ್ ಖರ್ಚಿನಲ್ಲಿ ಕೈ ಸುಟ್ಟುಕೊಳ್ಳುವವರು ಜಾಸ್ತಿ. ಗಾತ್ರದ ತೂಕ ಅಂತ ಒಂದಿದೆ. ಡಬ್ಬಿಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. 40, 30, 20ರ ಡಬ್ಬಿಯಾದರೆ 4.8 ಕಿಲೋ ಆಯಿತು. ಒಳಗಿನ ಹತ್ತಿ ತುಂಬಿದ ಜಾಕೆಟ್ ಒಂದೇ ಕಿಲೋ ಇರಬಹುದು, ದುಡ್ಡು ಮಾತ್ರ ಜಾಸ್ತಿ ಇರುವ ತೂಕಕ್ಕೆ. ರಿಟರ್ನ್ ಖರ್ಚೂ ನಿಮ್ಮ ಮೇಲೆ ಬಿದ್ದರೆ ಇದೇ ಲೆಕ್ಕ ಇನ್ನೊಮ್ಮೆ. ಉಬ್ಬುವ ಬಟ್ಟೆಯನ್ನು ಗಾಳಿ ತೆಗೆದು, ಡಬ್ಬಿಯ ಬದಲು ಚೀಲದಲ್ಲಿ ಕಳಿಸಿ.

ಕೊನೆಗೆ ಗಾಂಟಿನ ವಿಷಯ, ಅಂದರೆ ಹಳೆ ಬಟ್ಟೆಯ ದೊಡ್ಡ ಮೂಟೆ. ನಾಲ್ಕು ಬಟ್ಟೆ ಮಾರಿದ ಮೇಲೆ ನಿಮಗೆ ಜಾಹೀರಾತು ಕಾಣಿಸಲು ಶುರುವಾಗುತ್ತದೆ. 'ಬ್ರ್ಯಾಂಡೆಡ್ ಬಟ್ಟೆಯ ಗಾಂಟು, ಎ ಗ್ರೇಡ್, ಕಿಲೋ ಲೆಕ್ಕದಲ್ಲಿ.' ಹಳೆ ಬಟ್ಟೆ ಜಗತ್ತಿನಾದ್ಯಂತ ಒತ್ತಿ ಕಟ್ಟಿದ ಗಾಂಟುಗಳಲ್ಲಿ ಓಡಾಡುತ್ತದೆ, 45 ಕಿಲೋದ ಗಾಂಟು ಮಾಮೂಲು. ಅದು ನಿಜವಾದ ವ್ಯಾಪಾರವೇ. ಆದರೆ 'ಎ ಗ್ರೇಡ್' ಅಂದರೆ ಏನು ಅಂತ ಎಲ್ಲರೂ ಒಪ್ಪಿದ ಅಳತೆಗೋಲಿಲ್ಲ. ಕಟ್ಟಿದವರು ಹೇಳಿದ್ದೇ ಗ್ರೇಡ್. ಒಳ್ಳೆಯದನ್ನು ಮೊದಲೇ ಆರಿಸಿಕೊಂಡು ಉಳಿದದ್ದನ್ನು ಕಟ್ಟಿರಬಹುದು. ಹೊರಗೆ ಕಾಣುವಂತೆ ಎರಡು ಚೆಂದದ ಜಾಕೆಟ್, ಒಳಗೆ ಕಾಲರ್ ಸವೆದ ಶರ್ಟು, ಒಂಟಿ ಸಾಕ್ಸು, ಕಂಪನಿಯ ಹೆಸರು ಅಚ್ಚಾದ ಟೀ ಶರ್ಟು. ಒಮ್ಮೆ ಬಿಚ್ಚಿದ ಗಾಂಟನ್ನು ಯಾರೂ ವಾಪಸ್ ತೆಗೆದುಕೊಳ್ಳುವುದಿಲ್ಲ. ಮಾರದೆ ಉಳಿದದ್ದನ್ನು ಬಿಸಾಡುವ ಖರ್ಚೂ ನಿಮ್ಮದೇ.

ಕೊಳ್ಳಲೇಬೇಕು ಅಂತಿದ್ದರೆ ಎದುರು ನಿಂತು ಆರಿಸಿಕೊಳ್ಳಲು ಬಿಡುವ ಕಡೆ ಹೋಗಿ, ಕಿಲೋಗೆ ಸ್ವಲ್ಪ ಜಾಸ್ತಿಯಾದರೂ. ದೂರದಿಂದ ತರಿಸುವುದಾದರೆ ನಿಮಗೆ ಕಳಿಸುವ ಗಾಂಟನ್ನೇ ಬಿಚ್ಚಿ, ಒಂದೊಂದೇ ಬಟ್ಟೆ ಎತ್ತಿ ತೋರಿಸಿ, ಮತ್ತೆ ಕಟ್ಟುವ ವಿಡಿಯೋ ಕೇಳಿ. 'ಮಾದರಿ ವಿಡಿಯೋ ಇದೆ, ಅದೇ ಥರ ಬರುತ್ತದೆ' ಅಂದರೆ ಅಲ್ಲಿಗೇ ಬಿಡಿ.