ಹಳೇಬೀಡಿನ ಗರುಡರನ್ನು ಬಲ್ಲವರಿಗೆ ಒಬ್ಬ ವ್ಯಾಂಪೈರ್ ಯೋಧ

ಜೆ. ಆರ್. ವಾರ್ಡ್ ಅವರ ವ್ಯಾಂಪೈರ್ ಪ್ರಣಯ ಕಾದಂಬರಿ ‘ಲವರ್ ಅವೇಕನ್ಡ್’ (2006) ಓದಬೇಕೆಂದಿರುವವರಿಗೆ ಮೊದಲ ಮಾತು: ಇದರಿಂದಲೇ ಶುರು ಮಾಡಬೇಡಿ. ‘ಬ್ಲ್ಯಾಕ್ ಡ್ಯಾಗರ್ ಬ್ರದರ್‌ಹುಡ್’ ಸರಣಿಯಲ್ಲಿ ಇದು ಮೂರನೆಯದು. ನಾಯಕ ಝೇಡಿಸ್ಟ್ ಮತ್ತು ನಾಯಕಿ ಬೆಲ್ಲಾ ಎದುರಾಗುವುದು ಎರಡನೆಯ ಪುಸ್ತಕ ‘ಲವರ್ ಎಟರ್ನಲ್’ನಲ್ಲಿ, ಅವಳ ಅಪಹರಣವೂ ಅದರಲ್ಲೇ. ಅದನ್ನು ಹಾರಿಸಿ ಬಂದರೆ, ಯಾರನ್ನೂ ಹತ್ತಿರ ಬಿಟ್ಟುಕೊಳ್ಳದ ಇವನು ಒಬ್ಬ ಹೆಣ್ಣಿಗಾಗಿ ಊರೆಲ್ಲ ಯಾಕೆ ಜಾಲಾಡುತ್ತಿದ್ದಾನೆ ಅನ್ನುವುದೇ ತಿಳಿಯುವುದಿಲ್ಲ. 2005ರ ‘ಡಾರ್ಕ್ ಲವರ್’ನಿಂದ ಹಿಡಿದರೆ ಇನ್ನೂ ಒಳ್ಳೆಯದು.

ಈ ವ್ಯಾಂಪೈರ್‌ಗಳು ಸತ್ತು ಎದ್ದವರಲ್ಲ, ಕಚ್ಚಿಸಿಕೊಂಡು ಹಾಗಾದವರೂ ಅಲ್ಲ. ಹುಟ್ಟಿನಿಂದಲೇ ಬೇರೆ ಕುಲ. ಸುಮಾರು 25ರ ವಯಸ್ಸಿಗೆ ಮೈ ಬದಲಾಗುತ್ತದೆ, ಅಲ್ಲಿಂದಾಚೆಗೆ ಬಿಸಿಲು ಆಗದು. ಗಂಡಿಗೆ ಹೆಣ್ಣಿನ, ಹೆಣ್ಣಿಗೆ ಗಂಡಿನ ರಕ್ತ ಬೇಕು. ಎದುರಾಳಿಗಳು ‘ಲೆಸರ್’ಗಳು, ಒಮೆಗಾ ಎಂಬ ದುಷ್ಟಶಕ್ತಿಗೆ ಆತ್ಮ ಒಪ್ಪಿಸಿದ ಮನುಷ್ಯರು. ಅವರ ಹೃದಯ ಜಾಡಿಯಲ್ಲಿರುತ್ತದೆ, ಮೈ ಬೇಬಿ ಪೌಡರ್ ನಾರುತ್ತದೆ. ಎದೆಗೆ ಉಕ್ಕಿನ ಅಲಗು ಇರಿದರೆ ಒಮೆಗಾನ ಬಳಿಗೆ ಮರಳುತ್ತಾರೆ.

ವ್ಯಾಂಪೈರ್‌ಗಳ ದೊರೆ ರಾತ್‌ನ ಸುತ್ತ ನಿಂತ ಯೋಧರ ಕಟ್ಟು, ಅಂದರೆ ಸರಣಿಗೆ ಹೆಸರು ಕೊಟ್ಟ ಬ್ರದರ್‌ಹುಡ್, ಹಾಸನದ ಓದುಗರಿಗೆ ಹೊಸದಲ್ಲ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಬಳಿ ಗರುಡಗಂಬವಿದೆ. ಇಮ್ಮಡಿ ಬಲ್ಲಾಳನ ಅಂಗರಕ್ಷಕ ಕುವರ ಲಕ್ಷ್ಮ ದೊರೆ ತೀರಿಕೊಂಡಾಗ ಹೆಂಡತಿ ಮತ್ತು ಸಂಗಡಿಗರೊಂದಿಗೆ ಪ್ರಾಣ ಬಿಟ್ಟದ್ದನ್ನು ಅದರ ಶಾಸನ ಹೇಳುತ್ತದೆ. ಕೈಯಲ್ಲಿ ಕತ್ತಿ ಹಿಡಿದು ತಮ್ಮ ತಲೆ ತಾವೇ ಕೊಯ್ದುಕೊಳ್ಳುವ ವೀರರ ಕೆತ್ತನೆಯೂ ಅಲ್ಲಿದೆ. ದೊರೆಯೊಂದಿಗೇ ಸಾಯುವೆವೆಂದು ಆಣೆಯಿಟ್ಟ ಇಂಥ ಅಂಗರಕ್ಷಕರೇ ಗರುಡರು. ನಮ್ಮ ಶಾಸನಗಳು ವೇಳೆವಾಳಿ ಎಂದು ಕರೆದ ಈ ನಿಷ್ಠೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿ. ಝೇಡಿಸ್ಟ್ ಕೂಡ ಸಾಯಲು ಸದಾ ತಯಾರು. ಆದರೆ ವಾರ್ಡ್ ಅವನಿಂದ ಕೇಳುವುದು ಹೊಟ್ಟೆ ತುಂಬ ಉಣ್ಣುವುದನ್ನು, ಮಂಚದ ಮೇಲೆ ಮಲಗುವುದನ್ನು.

ಕಾದಂಬರಿ ಗೆಲ್ಲುವುದೇ ಅಲ್ಲಿ. ಝೇಡಿಸ್ಟ್ 100 ವರ್ಷ ಒಬ್ಬಳ ರಕ್ತದ ಗುಲಾಮನಾಗಿದ್ದವನು, ಅಂದರೆ ಅವಳು ರಕ್ತ ಹೀರಲೆಂದು ಸೆರೆಯಲ್ಲಿಟ್ಟುಕೊಂಡ ಆಳು. ಕುತ್ತಿಗೆ, ಮಣಿಕಟ್ಟುಗಳ ಸುತ್ತ ಗುಲಾಮಗಿರಿಯ ಹಚ್ಚೆ, ಮುಖದ ಉದ್ದಕ್ಕೂ ಗಾಯದ ಕಲೆ, ಬೋಳುತಲೆ. ಅವನನ್ನು ಬಿಡಿಸಿ ತಂದ ಅವಳಿ ಸಹೋದರ ಫ್ಯೂರಿ ಆ ರಾತ್ರಿ ಒಂದು ಕಾಲು ಕಳೆದುಕೊಂಡ. ತನ್ನ ರಕ್ತ ಹೊಲಸು ಎಂದು ನಂಬಿರುವ ಝೇಡಿಸ್ಟ್ ಯಾರಿಂದಲೂ ಮುಟ್ಟಿಸಿಕೊಳ್ಳುವುದಿಲ್ಲ, ಬರಿ ನೆಲದ ಮೇಲೆ ಮಲಗುತ್ತಾನೆ, ಬೇಕೆಂದೇ ಹಸಿದಿರುತ್ತಾನೆ. ಮುಂಗೋಪದ ನಾಯಕರು ಈ ಬಗೆಯ ಪುಸ್ತಕಗಳಲ್ಲಿ ಬೇಕಾದಷ್ಟು ಸಿಗುತ್ತಾರೆ; ಹೆಚ್ಚಿನವರ ಸಿಟ್ಟು ಬರೀ ಅಲಂಕಾರ. ಇವನ ಸಿಟ್ಟಿನ ಒಂದೊಂದು ಎಳೆಗೂ ಕಾರಣವಿದೆ, ಕೆಳಗೆ ಭಯವಿದೆ. ಬೆಲ್ಲಾ ಕೂಡ ಸೆರೆಯಿಂದ ಬಂದವಳಾದ್ದರಿಂದ ಅವಳು ಇವನಿಗೆ ಮದ್ದಾಗಿ ಬರುವುದಿಲ್ಲ, ತನ್ನ ನೋವನ್ನೂ ಹೊತ್ತು ಬರುತ್ತಾಳೆ. ಅವರಿಬ್ಬರ ಸಾಮೀಪ್ಯದ ದೃಶ್ಯಗಳು ಅರ್ಧಕ್ಕೇ ಕೆಡುತ್ತವೆ, ನಿಲ್ಲುತ್ತವೆ, ಮತ್ತೆ ಶುರುವಾಗುತ್ತವೆ. ಮೈ ಹಳೆಯದನ್ನು ಮರೆಯದು ಎಂಬುದನ್ನು ವಾರ್ಡ್ ಆತುರವಿಲ್ಲದೆ ಬರೆದಿದ್ದಾರೆ. ಅಕ್ಷರ ಬಾರದ ಈ ಯೋಧ ಹಿಂದಿನ ಪುಸ್ತಕದ ನಾಯಕಿ ಮೇರಿಯ ಬಳಿ ಓದು ಬರಹ ಕಲಿಯಲು ಕೂರುವ ಭಾಗ ಎಲ್ಲ ಕಾದಾಟಗಳಿಗಿಂತ ತೂಕದ್ದು.

ಒಂದು ಪದ ನಮ್ಮವರ ಕಿವಿ ನಿಮಿರಿಸುತ್ತದೆ. ಅವನು ಬೆಲ್ಲಾಳನ್ನು ಕರೆಯುವುದು ‘ನಲ್ಲಾ’ ಎಂದು. ವಾರ್ಡ್ ಕಟ್ಟಿದ ಹಳೆಯ ಭಾಷೆಯಲ್ಲಿ ಹಾಗೆಂದರೆ ಪ್ರಿಯೆ. ನಮ್ಮಲ್ಲಿ ನಲ್ಲ ಗಂಡು, ನಲ್ಲೆ ಹೆಣ್ಣು. ಕಾಕತಾಳೀಯವೇ ಇರಬೇಕು, ಆದರೂ ಪ್ರತಿ ಸಲ ಮನಸ್ಸಿಗೆ ಹಿತವಾಗುತ್ತದೆ. ಇಂಥ ಪದಗಳ ಪಟ್ಟಿ ಪುಸ್ತಕದ ಆರಂಭದಲ್ಲೇ ಇದೆ, ಅಲ್ಲಿಗೊಂದು ಗುರುತುಪಟ್ಟಿ ಇಟ್ಟುಕೊಳ್ಳಿ.

ಸೋಲುವುದು ಲೆಸರ್‌ಗಳ ಅಧ್ಯಾಯಗಳಲ್ಲಿ. ಅವರ ಒಳಜಗಳ, ಹುದ್ದೆಯ ಪೈಪೋಟಿ ಕಥೆಯ ಬಿಸಿಯನ್ನು ಪದೇ ಪದೇ ಆರಿಸುತ್ತವೆ. ಬೇಗ ಪುಟ ತಿರುಗಿಸಿದರೂ ಎಳೆ ತಪ್ಪದು. ಬೆಲ್ಲಾಳಿಗೆ ಬೆದೆಯ ಕಾಲ ಬರುವ ತಿರುವು ಇನ್ನೂ ದೊಡ್ಡ ದೋಷ. ಅಷ್ಟು ನಿಧಾನವಾಗಿ ಬೆಳೆದ ನಂಬಿಕೆಯ ಮುಂದಿನ ಹೆಜ್ಜೆಯನ್ನು ಇಬ್ಬರೂ ಮನಸಾರೆ ಇಡಬೇಕಿತ್ತು, ಇಲ್ಲಿ ದೇಹದ ಒತ್ತಾಯವೇ ಅದನ್ನು ಇಡಿಸುತ್ತದೆ.

400ಕ್ಕೂ ಹೆಚ್ಚು ಪುಟ, ಚಿಕ್ಕ ವಾಕ್ಯಗಳು, ಅಮೆರಿಕದ ಬೀದಿಮಾತು ಧಾರಾಳ. ಲೈಂಗಿಕ ದೌರ್ಜನ್ಯ, ಚಿತ್ರಹಿಂಸೆ, ತನಗೆ ತಾನೇ ನೋವು ಮಾಡಿಕೊಳ್ಳುವುದು ಎಲ್ಲವೂ ಬಿಚ್ಚಿಟ್ಟಂತೆ ಇವೆ. ವಯಸ್ಕರಿಗಷ್ಟೇ, ಅವರಲ್ಲೂ ಗಟ್ಟಿ ಮನಸ್ಸಿನವರಿಗೆ. ಮೂಡಿಗೆರೆ, ಸಕಲೇಶಪುರದ ಕಡೆ ಮಳೆಗಾಲದಲ್ಲಿ ಅಂಟು ಹಾಕಿದ ಪೇಪರ್‌ಬ್ಯಾಕ್ ಥಂಡಿ ಹೀರಿ ಉಬ್ಬುತ್ತದೆ, ಬೂಷ್ಟು ಹಿಡಿಯುತ್ತದೆ. ಹಳೆ ಪ್ರತಿ ಕೊಂಡವರು ಸಿಲಿಕಾ ಜೆಲ್ ಜೊತೆ ಮುಚ್ಚಳದ ಡಬ್ಬಿಯಲ್ಲಿಡಿ. ಇ-ಪುಸ್ತಕವಾದರೆ ಪೇಟೆಯಲ್ಲಿ ನೆಟ್‌ವರ್ಕ್ ಇರುವಾಗಲೇ ಮೂರನ್ನೂ ಇಳಿಸಿಕೊಳ್ಳಿ. ಫ್ಯೂರಿಗೆ ಇಲ್ಲಿ ಅನ್ಯಾಯವಾಯಿತು ಅನ್ನಿಸಿದವರು ಆರನೆಯ ಪುಸ್ತಕ ‘ಲವರ್ ಎನ್‌ಶ್ರೈನ್ಡ್’ (2008) ತನಕ ಕಾಯಬೇಕು, ಅದು ಅವನದು.